ಕಡೀಲಾರದ ಒಳಗ ಬಿಡಂಗಿಲ್ಲ

ಮನೆಮಂದಿಯೆಲ್ಲ ಕೂಡಿ ಆಡಲಿಕ್ಕೆ ಯಾವ ಆಟ ಚಲೋ ಅಂತ ಗೆಳತಿಯರು ಆಗಾಗ ಕೇಳುತ್ತಿರುತ್ತಾರೆ. ಡಬ್ಬಿಯ ಚಂದ ನೋಡಿ ತರಬೇಡಿ ಅನ್ನುವುದು ನನ್ನ ಮೊದಲ ಮಾತು. ಸೋಲುತ್ತಿರುವವರಿಗೂ ಕೊನೆಯ ತನಕ ಆಟದಲ್ಲಿ ಜೀವ ಇರುತ್ತದೋ ಇಲ್ಲವೋ, ಅದನ್ನು ನೋಡಿ. ಯಾರೋ ಒಬ್ಬರು ಅರ್ಧಕ್ಕೇ ಔಟಾಗಿ ಗೋಡೆಗೆ ಒರಗಿ ಮೊಬೈಲ್ ತೆಗೆದರೆ ಆ ಆಟ ಮನೆಗೆ ಆಗಿಬರುವುದಿಲ್ಲ.

ಈ ಲೆಕ್ಕದಲ್ಲಿ ನನ್ನ ಪಾಲಿಗೆ ಎಲ್ಲಕ್ಕಿಂತ ಮೇಲೆ ಚಕ್ಕಾ. ಮೈಸೂರು ಕಡೆಯವರು ಚೌಕಾಬಾರಾ ಅನ್ನುತ್ತಾರೆ, ಕೆಲವರಿಗೆ ಅದು ಕಟ್ಟೆಮನೆ. ಪಂಚಮಿಗೆ ತವರು ಜಮಖಂಡಿಗೆ ಹೋದಾಗ ಉಂಡಿ ಕಟ್ಟುವುದು, ಜೋಕಾಲಿ ಆಡುವುದು ಮುಗಿದ ಮೇಲೆ ಪಡಸಾಲೆಯ ಫರಸಿ ಮೇಲೆ ಖಡುವಿನಿಂದ ಐದೈದು ಮನೆ ಗೀಚಿದರೆ ಸಾಕು, ಸುತ್ತ ಕೂಡಲಿಕ್ಕೆ ಜಾಗ ಸಿಗುವುದಿಲ್ಲ. ಹೊರಸುತ್ತಿಗೆ 16 ಮನೆ, ಒಳಸುತ್ತಿಗೆ 8, ನಟ್ಟನಡುವೆ ಹಣ್ಣಾಗುವ ಮನೆ ಒಂದು. ಒಬ್ಬೊಬ್ಬರಿಗೆ ನಾಲ್ಕು ಕಾಯಿ: ಒಬ್ಬರದು ಬಳೆಚೂರು, ಒಬ್ಬರದು ಹುಣಸೆ ಬೀಜ, ಒಬ್ಬರದು ಅಂಗಳದ ಹರಳು. ಎಸೆಯಲಿಕ್ಕೆ ನಾಲ್ಕು ಕವಡಿ. ಕವಡಿ ಇಲ್ಲವೆಂದರೆ ಹುಣಸೆ ಬೀಜವನ್ನೇ ಕಲ್ಲಿಗೆ ಒಂದು ಮಗ್ಗುಲು ತಿಕ್ಕಿ ಬೆಳ್ಳಗೆ ಮಾಡಿಕೊಂಡರೂ ನಡೆಯುತ್ತದೆ.

ಇಷ್ಟೇ ಆಗಿದ್ದರೆ ಅದು ಬರೀ ಓಡುವ ಆಟ ಆಗುತ್ತಿತ್ತು. ಚಕ್ಕಾದ ಜೀವ ಇರುವುದು ಒಂದೇ ಒಂದು ನಿಯಮದಲ್ಲಿ: ಎದುರಿನವರ ಒಂದು ಕಾಯಿಯನ್ನಾದರೂ ಕಡಿಯದೆ, ಅಂದರೆ ಅದು ನಿಂತ ಮನೆಗೇ ಬಂದು ಅದನ್ನು ಹೊರಗೆ ಹಾಕದೆ, ಒಳಸುತ್ತಿಗೆ ಹೋಗುವಂತಿಲ್ಲ. ಯಾರೂ ಕಡಿಯಲಾಗದ ಕಟ್ಟಿ ಮನೆಯಿಂದ ಕಟ್ಟಿ ಮನೆಗೆ ಹಾರಿ, ಯಾರ ತಂಟೆಗೂ ಹೋಗದೆ ಗೆಲ್ಲುತ್ತೇನೆ ಅನ್ನುವವರು ಹೊರಗೇ ಸುತ್ತುತ್ತಿರಬೇಕು. ಸಂಭಾವಿತರೂ ಜಗಳಕ್ಕೆ ಇಳಿಯಲೇಬೇಕು! ಇಂಥ ನಿಯಮ ಯಾರ ತಲೆಗೆ ಹೊಳೆಯಿತೋ, ಅವರಿಗೆ ನನ್ನ ನಮಸ್ಕಾರ.

ಇದರ ಹಿಂದೆ ಲೆಕ್ಕವೂ ಇದೆ. ಬೆಳ್ಳಗಿನ ಮಗ್ಗುಲು ಮೇಲಾದವು ಎಷ್ಟೋ ಅಷ್ಟು ಬಿದ್ದಂತೆ, ಒಂದೂ ಮೇಲಾಗದಿದ್ದರೆ ಎಂಟು. ನಾಲ್ಕು ಬೀಜ ಎಸೆದರೆ ಒಟ್ಟು 16 ಬಗೆಯಲ್ಲಿ ಬೀಳಬಹುದು. ಎರಡೂ ಮಗ್ಗುಲು ಸಮ ಅಂತ ಹಿಡಿದರೆ ಎರಡು ಬೀಳುವುದು 6 ಬಗೆಯಲ್ಲಿ, ಒಂದು ಮತ್ತು ಮೂರು ನಾಲ್ಕು ನಾಲ್ಕು ಬಗೆಯಲ್ಲಿ. ನಾಲ್ಕಕ್ಕೆ ಒಂದೇ ದಾರಿ, ಎಂಟಕ್ಕೂ ಒಂದೇ. ನಮ್ಮ ಆಯಿ ಈ ಗಣಿತ ಕಲಿತವಳಲ್ಲ. ಆದರೆ ಎದುರಾಳಿಯ ಕಾಯಿಗಿಂತ ಸರಿಯಾಗಿ ಎರಡು ಮನೆ ಮುಂದೆ ತನ್ನ ಕಾಯಿಯನ್ನು ಅವಳು ಯಾವತ್ತೂ ನಿಲ್ಲಿಸುತ್ತಿರಲಿಲ್ಲ. ಒಮ್ಮೆ ನನ್ನ ಅಣ್ಣನ ಮಗನ ಕಾಯಿ ಒಳಗೆ ಹೋಗಿ ಹಣ್ಣಾಗುವ ಹೊತ್ತಿಗೆ ಆಯಿಯ ಕಾಯಿ ಹಿಂದೆಯೇ ಬಂದು ನಿಂತಿತು.

"ಆಯಿ, ಇದೊಂದ ಸಲ ಬಿಡ, ಹಣ್ಣ ಆಗಾಕ ಬಂದೈತಿ."

"ಆಟದಾಗ ಮೊಮ್ಮಗ ಅಂತ ಯಾರೂ ಇರಂಗಿಲ್ಲಪಾ."

ಎರಡೂ ಅಂಗೈ ಮುಚ್ಚಿ ಕವಡಿ ಕುಲುಕಿದಳು, ಎಸೆದಳು, ಎರಡು ಬಿತ್ತು, ಕಡಿದಳು. ಹುಡುಗನ ಮುಖ ಬಾಡಿತು. ಸ್ವಲ್ಪ ಹೊತ್ತಿಗೆ ಅವನದೇ ಇನ್ನೊಂದು ಕಾಯಿ ಆಯಿಯನ್ನು ಕಡಿದಾಗ ಪಡಸಾಲೆಯಲ್ಲಿ ಎದ್ದ ಗದ್ದಲಕ್ಕೆ ಬಾಜೂ ಮನೆಯವರು ಬಂದು ಇಣುಕಿದರು. ಕಡಿಸಿಕೊಂಡವರೂ ಮತ್ತೆ ಹುಟ್ಟಿ ಬರಬಹುದಾದ್ದರಿಂದ ಆಟ ಮುಗಿಯುವ ತನಕ ಯಾರೂ ಏಳುವುದಿಲ್ಲ.

ಪಗಡೆಯದೂ ಇದೇ ಗುಣ. ಶಿವರಾತ್ರಿ ಜಾಗರಣೆಗೆ ಅದಕ್ಕಿಂತ ಚಲೋ ಜೊತೆ ಇಲ್ಲ. 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಆದ ಲೂಡೋ ಪಗಡೆಯ ಬಳಗದ್ದೇ ಆದ ಪಚ್ಚೀಸಿಯ ಮನೆತನದ್ದು. ಲೂಡೋ ಬಗ್ಗೆ ನನ್ನ ತಕರಾರಿಲ್ಲ, ಫೋನಿನಲ್ಲಿ ಆಡುವ ಲೂಡೋ ಬಗ್ಗೆ ಇದೆ. ಎಸೆಯುವುದು, ಎಣಿಸುವುದು, ಕಾಯಿ ನಡೆಸುವುದು ಎಲ್ಲವನ್ನೂ ಫೋನೇ ಮಾಡಿದರೆ ನಾವು ಮಾಡುವುದೇನು? "ಮೂರಲ್ಲ, ನಾಲ್ಕು ಬಿದ್ದೈತಿ ನೋಡ" ಅಂತ ವಾದ ಮಾಡಲಿಕ್ಕೂ ಆಸ್ಪದ ಇಲ್ಲ.

ಬಿಸಿನೆಸ್ ಗೇಮ್ ನಮ್ಮ ಮನೆಯಲ್ಲಿ ಈಗ ಅಟ್ಟ ಸೇರಿದೆ. ಮುಂಬೈ, ದಿಲ್ಲಿ ಕೊಂಡವರು ಬಾಡಿಗೆ ಎಣಿಸುತ್ತಾ ಹೋಗುತ್ತಾರೆ, ಉಳಿದವರು ಗಂಟೆಗಟ್ಟಲೆ ದಿವಾಳಿಯಾಗುತ್ತಾ ಕೂಡುತ್ತಾರೆ. ಅದರ ಮೂಲ ಗೊತ್ತಾದ ಮೇಲೆ ನನಗೆ ಅಚ್ಚರಿ ಉಳಿಯಲಿಲ್ಲ. ಅಮೆರಿಕದ ಲಿಜ್ಜಿ ಮ್ಯಾಗಿ ಎಂಬ ಹೆಣ್ಣುಮಗಳು 1904ರಲ್ಲಿ ಪೇಟೆಂಟ್ ಪಡೆದ ಲ್ಯಾಂಡ್‌ಲಾರ್ಡ್ಸ್ ಗೇಮ್‌ನಿಂದ ಮೊನೊಪೊಲಿ ಹುಟ್ಟಿತು, ಅದರ ಪಡಿಯಚ್ಚೇ ನಮ್ಮ ಬಿಸಿನೆಸ್. ಜಮೀನು ಹಿಡಿದು ಕೂತವರು ಹೇಗೆ ಬೆಳೆಯುತ್ತಾರೆ, ಬಾಡಿಗೆ ಕೊಡುವವರು ಹೇಗೆ ಸೊರಗುತ್ತಾರೆ ಎಂದು ತೋರಿಸಲಿಕ್ಕೇ ಆಕೆ ಅದನ್ನು ಮಾಡಿದ್ದು. ಪಾಠ ಬಹಳ ಚಲೋದು. ಹಬ್ಬದ ದಿನ ಮಕ್ಕಳಿಗೆ ಅದು ಬೇಡ ಅನ್ನುವುದಷ್ಟೇ ನನ್ನ ಅಭಿಪ್ರಾಯ.

ಕೇರಂ ನನಗೆ ಇಷ್ಟ, ಆದರೆ ಅದು ಸರಿಸಮ ಕೈಯವರ ಆಟ. ಕೈ ಪಳಗಿದವರು ಒಂದೇ ಪಾಳಿಯಲ್ಲಿ ಐದಾರು ಕಾಯಿ ಹಾಕಿ, ರಾಣಿಗೆ ಕವರೂ ಕೊಟ್ಟು ಎದ್ದರೆ ಹೊಸಬರಿಗೆ ಪೌಡರ್ ಒರೆಸುವುದಷ್ಟೇ ಉಳಿಯುತ್ತದೆ.

ವಿಜಯಪುರದಲ್ಲಿ ನಾವು ಗೆಳತಿಯರು ಸೇರಿದಾಗ ಮಾತ್ರ ಕಟಾನ್ ಬೇಕೇ ಬೇಕು. ಜರ್ಮನಿಯ ಕ್ಲೌಸ್ ಟೊಯ್ಬರ್ ಮಾಡಿದ, 1995ರಲ್ಲಿ ಬಂದ ಆಟ. ನಡುಗಡ್ಡೆಯಲ್ಲಿ ರಸ್ತೆ, ಮನೆ ಕಟ್ಟುತ್ತಾ ಹೋಗಬೇಕು, ಅದಕ್ಕೆ ಕಟ್ಟಿಗೆ, ಇಟ್ಟಂಗಿ, ಉಣ್ಣೆ, ಗೋದಿ, ಅದಿರು ಬೇಕು. ಯಾರ ಬಳಿಯೂ ಎಲ್ಲವೂ ಇರುವುದಿಲ್ಲ, ಹಾಗಾಗಿ ಚೌಕಾಸಿ ಶುರುವಾಗುತ್ತದೆ. ನಮ್ಮಲ್ಲಿ ಅದು ರವಿವಾರದ ಸಂತೆಯ ಹಾಗೇ ನಡೆಯುತ್ತದೆ. "ಎರಡು ಕುರಿ ಕೊಡ್ತೀನಿ, ಒಂದ ಇಟ್ಟಂಗಿ ಕೊಡವಾ", "ಏ, ನಿನ್ನ ಕುರಿ ಯಾರಿಗೆ ಬೇಕಾಗ್ಯಾವ?" ಎರಡು ದಾಳ ಉರುಳಿಸಿದರೆ 36 ಬಗೆಯಲ್ಲಿ 6 ಸಲ ಏಳೇ ಬರುವುದು, ಏಳು ಬಂದರೆ ಕಳ್ಳ ಏಳುತ್ತಾನೆ. ಉಳಿದ ಅಂಕೆಗಳು ನೆಲದ ತುಂಡುಗಳ ಮೇಲಿರುತ್ತವೆ, ಬಿದ್ದ ಅಂಕೆಯ ಬದಿಗೆ ಮನೆ ಇದ್ದವರಿಗೆ ಸಾಮಾನು ಸಿಗುತ್ತದೆ. ಅದಕ್ಕೇ ಮೊದಲ ಮನೆಯನ್ನು ಕೆಂಪು ಬಣ್ಣದ 6 ಅಥವಾ 8ರ ಬದಿಗೆ ಹಿಡಿಯಿರಿ, ಅವು ಐದೈದು ಬಗೆಯಲ್ಲಿ ಬೀಳುತ್ತವೆ. ಮನೆಗೆಲಸದ ನಡುವೆ ಬಾಯಿ ಕಟ್ಟಿಕೊಂಡಿರುವ ನನ್ನ ಒಬ್ಬ ಗೆಳತಿ ಈ ಆಟಕ್ಕೆ ಕೂತಾಗ ಮಾತಾಡುವುದನ್ನು ನೋಡಬೇಕು. ಯಾರೂ ಅವಳ ಕೈಯಿಂದ ಗೋದಿ ಅಗ್ಗಕ್ಕೆ ತಗೊಂಡಿಲ್ಲ.

ಸೋತರೆ ಅಳುವ ಮಕ್ಕಳಿದ್ದರೆ ಪ್ಯಾಂಡೆಮಿಕ್ ತನ್ನಿ. ಎಲ್ಲರೂ ಒಂದು ಕಡೆ, ರೋಗಗಳು ಇನ್ನೊಂದು ಕಡೆ.

ಇನ್ನು ರೈಲಿನ ಆಟ. ಟಿಕೆಟ್ ಟು ರೈಡ್ 2004ರಲ್ಲಿ ಬಂದದ್ದು. ಬಣ್ಣದ ಚೀಟಿ ಕೂಡಿಸಿ ಊರಿಂದೂರಿಗೆ ಹಳಿ ಹಾಕಬೇಕು. ನನ್ನ ಮಗಳಿಗೆ ಅಮೆರಿಕದ ಊರುಗಳು ಬೇಸರವಾಗಿ ಡ್ರಾಯಿಂಗ್ ಶೀಟಿನ ಮೇಲೆ ನಮ್ಮ ನಕಾಶೆಯನ್ನೇ ಬರೆದಳು. ಒಂದು ಬದಿಗೆ ಸೊಲ್ಲಾಪುರ, ವಿಜಯಪುರ, ಬಾಗಲಕೋಟೆ, ಬಾದಾಮಿ, ಗದಗ. ಇನ್ನೊಂದು ಬದಿಗೆ ಮಿರಜ, ಕುಡಚಿ, ಘಟಪ್ರಭಾ, ಬೆಳಗಾವಿ, ಲೋಂಡಾ, ಧಾರವಾಡ. ಎರಡೂ ಹುಬ್ಬಳ್ಳಿಯಲ್ಲಿ ಕೂಡುತ್ತವೆ. ನಡುವಿನ, ಆಗ ಇನ್ನೂ ಪೂರ್ತಿಯಾಗಿರದ ಬಾಗಲಕೋಟೆ–ಕುಡಚಿ ಹಳಿಯನ್ನು ಮಾತ್ರ ಚುಕ್ಕಿ ಗೆರೆಯಲ್ಲಿ ಬರೆದು, ಅದನ್ನು ಹಾಕಿದವರಿಗೆ ಎರಡು ಪಟ್ಟು ಅಂಕ ಅಂತ ನಿಯಮ ಮಾಡಿದ್ದಾಳೆ. ಹೋದ ಸಲ ಆ ಹಳಿಗೆ ನಾನೂ ನನ್ನ ಅತ್ತೆಯವರೂ ಒಟ್ಟಿಗೆ ಕೆಂಪು ಚೀಟಿ ಕೂಡಿಸುತ್ತಿದ್ದೆವು. ಅತ್ತೆಯವರು ನನಗಿಂತ ಒಂದು ಪಾಳಿ ಮೊದಲೇ ಕುಡಚಿ ಮುಟ್ಟಿಬಿಟ್ಟರು.