ಐದು ನಿಮಿಷದ ಕೆಲಸ

"ಐದೇ ನಿಮಿಷದ ಕೆಲಸ" ಅಂತ ಯಾರಾದರೂ ಹೇಳಿದರೆ, ಅವರ ಮನೆಯಲ್ಲಿ ಪಾತ್ರೆ ತೊಳೆಯುವವರು ಯಾರು ಅಂತ ನಾನು ಮೊದಲು ವಿಚಾರಿಸುತ್ತೇನೆ. ಈ ಬುದ್ಧಿ ಬಂದದ್ದು ಹೋದ ಡಿಸೆಂಬರಿನಲ್ಲಿ.

ನಾನಿರುವುದು ಅಮೆರಿಕದ ಮಿನ್ನೆಸೋಟಾದಲ್ಲಿ, ಮಿನಿಯಾಪೊಲಿಸ್ ಪಕ್ಕದ ಒಂದು ಊರಿನಲ್ಲಿ. ಕ್ರಿಸ್‌ಮಸ್ ಹತ್ತಿರ ಬಂತು ಅಂದರೆ ಆಫೀಸಿನಲ್ಲಿ ಒಂದು ಪಟ್ಟಿ ಓಡಾಡಲು ಶುರುವಾಗುತ್ತದೆ. ಪಾರ್ಟಿಗೆ ಯಾರು ಏನು ತರುತ್ತೀರಿ ಅಂತ ಅದರಲ್ಲಿ ಹೆಸರು ಬರೆಯಬೇಕು. ಅದು ನನ್ನ ಮೇಜಿಗೆ ಬರುವಷ್ಟರಲ್ಲಿ ಚಿಪ್ಸು, ಜ್ಯೂಸು, ಪೇಪರ್ ಪ್ಲೇಟು ಎಲ್ಲಾ ಖಾಲಿ. ಪೇಪರ್ ಪ್ಲೇಟಿನ ಮುಂದೆ ಹೆಸರು ಬರೆಯುವ ಮಹಾನುಭಾವರು ವರ್ಷವೂ ಅವರೇ. ತರುವುದು ಪ್ಲೇಟು, ಮನೆಗೆ ಒಯ್ಯುವುದು ಮಿಕ್ಕ ಕೇಕು. ಇರಲಿ, ಅವರ ವಿಷಯ ಇಲ್ಲಿ ಬೇಡ. ನನಗೆ ಉಳಿದಿದ್ದು ಒಂದೇ ಸಾಲು: ಪಿಕಲ್ ರೋಲ್.

ಇಲ್ಲಿಗೆ ಬಂದು 15 ವರ್ಷವಾದರೂ ಪಿಕಲ್ ಅನ್ನುವ ಪದ ಕಿವಿಗೆ ಬಿದ್ದರೆ ನನ್ನ ನಾಲಿಗೆ ಮೊದಲು ಮಾವಿನ ಮಿಡಿ ಕಡೆಗೇ ಓಡುತ್ತದೆ. ಆಮೇಲೆ ತಲೆ ಹಿಂದೆ ಹೋಗಿ ಅದನ್ನು ಹಿಡಿದು ತರುತ್ತದೆ. ಖಾರವಿಲ್ಲದ, ಎಣ್ಣೆಯಿಲ್ಲದ, ಸಾಸಿವೆ ಪುಡಿಯ ಘಾಟಿಲ್ಲದ, ಹುಳಿನೀರಿನಲ್ಲಿ ಸುಮ್ನೆ ಮುಳುಗಿ ಕೂತ ಸೌತೆಕಾಯಿಗೂ ನಮ್ಮ ಉಪ್ಪಿನಕಾಯಿಗೂ ಒಂದೇ ಹೆಸರು ಅಂದರೆ ಯಾವ ನ್ಯಾಯ?

"ಅಯ್ಯೋ, ಅದಾ? ಐದು ನಿಮಿಷ" ಅಂದರು ಪಕ್ಕದ ಮೇಜಿನ ಹೆಂಗಸು. ಇಲ್ಲೇ ಹುಟ್ಟಿ ಬೆಳೆದವರು. "ಹ್ಯಾಮಿಗೆ, ಅದೇ ಹಂದಿಮಾಂಸದ ಹಾಳೆಗೆ, ಕ್ರೀಮ್ ಚೀಸ್ ಹಚ್ಚು, ಪಿಕಲ್ ಇಟ್ಟು ಸುತ್ತು, ಕತ್ತರಿಸು. ಮಕ್ಕಳು ಕೂಡ ಮಾಡುತ್ತಾರೆ." ಯಾರ ಮಕ್ಕಳು ಅಂತ ಆಗಲೇ ಕೇಳಬೇಕಿತ್ತು.

ಇದಕ್ಕೆ ಇಲ್ಲಿ ಮಿನ್ನೆಸೋಟಾ ಸುಶಿ ಅಂತಲೂ ಕರೆಯುತ್ತಾರೆ. ಜಪಾನಿನ ಸುಶಿಯಲ್ಲಿರುವ ಅನ್ನವಿಲ್ಲ, ಮೀನಿಲ್ಲ, ಆದರೂ ಸುಶಿ. ಗಡಿ ದಾಟಿ ಪಕ್ಕದ ಅಯೋವಾಕ್ಕೆ ಹೋದರೆ ಇದೇ ಅಯೋವಾ ಸುಶಿ. ಲೂಥರನ್ ಪಂಥದ ಕ್ರೈಸ್ತರ ಚರ್ಚಿನ ಊಟಗಳಲ್ಲಿ ತಪ್ಪದೆ ಇರುತ್ತದೆ ಅಂತ ಲೂಥರನ್ ಸುಶಿ ಅನ್ನುವವರೂ ಇದ್ದಾರೆ. ಹೈದರಾಬಾದಿನ ಹೋಟೆಲಿನಲ್ಲಿ ಮೈಸೂರು ಬಜ್ಜಿ ಅಂತ ಕೇಳಿದರೆ ನಮ್ಮ ಗೋಳಿ ಬಜೆಯಂಥದ್ದು ಬಂದು ಕೂರುತ್ತದಲ್ಲ, ಹಾಗೆ. ಇನ್ನು ಆ ಕ್ರೀಮ್ ಚೀಸ್. ಡಬ್ಬಿಯ ಮೇಲೆ ಫಿಲಡೆಲ್ಫಿಯಾ ಅಂತ ಇರುತ್ತದೆ, ಅಮೆರಿಕದಲ್ಲಿ ಅದನ್ನು ಮೊದಲು ಮಾಡಿ ಮಾರಿದ್ದು ನ್ಯೂಯಾರ್ಕ್ ರಾಜ್ಯದಲ್ಲಿ. ಒಟ್ಟಿನಲ್ಲಿ ಈ ತಿಂಡಿಯಲ್ಲಿ ಹೆಸರಿಗೆ ತಕ್ಕ ಹಾಗಿರುವುದು ಹ್ಯಾಮ್ ಒಂದೇ.

ಅದನ್ನು ತರಲು ಹೋದೆ. ಅಂಗಡಿಯ ಮಾಂಸದ ಕೌಂಟರಿನಲ್ಲಿ ಬ್ಯಾಂಕಿನ ಹಾಗೆ ಟೋಕನ್ ಹಿಡಿದು ನಿಲ್ಲಬೇಕು. ಸರದಿ ಬಂದಾಗ ಆ ಹುಡುಗ ಎಷ್ಟು ತೆಳ್ಳಗೆ ಬೇಕು ಅಂತ ಕೇಳಿದ. ನಾನೇನು ಹೇಳಲಿ? ನೀರು ದೋಸೆಯಷ್ಟು ಅಂದರೆ ಅವನಿಗೆ ತಿಳಿಯುವುದಿಲ್ಲ. ಕೈಯಲ್ಲಿ ಏನೋ ಸನ್ನೆ ಮಾಡಿದೆ. ಅವನಿಗೂ ಏನೋ ಅರ್ಥವಾಯಿತು. ಹಿಂದೆ ನಿಂತ ಅಜ್ಜಿ ಗಡಿಯಾರ ನೋಡಿಕೊಂಡರು.

ತಪ್ಪಾಗಿದ್ದು ಪಿಕಲ್ ತಗೊಳ್ಳುವಾಗ. ಇದಕ್ಕೆ ಹೆಬ್ಬೆರಳಿಗಿಂತ ದಪ್ಪದ, ಗೇಣುದ್ದದ ದೊಡ್ಡ ಕಾಯಿ ತಗೋಬೇಕಂತೆ. ಒಂದು ಸುತ್ತಿ ಕತ್ತರಿಸಿದರೆ ಏಳೆಂಟು ತುಂಡು. ನನ್ನ ಕಣ್ಣಿಗೆ ಬಿದ್ದಿದ್ದು ಕಿರುಬೆರಳಿನಷ್ಟು ಪುಟ್ಟ ಕಾಯಿಗಳ ಬಾಟಲಿ. ನೋಡಲು ಮುದ್ದಾಗಿದ್ದವು. ಎರಡು ಬಾಟಲಿ ತಂದೆ.

ರಾತ್ರಿ ಒಂಬತ್ತಕ್ಕೆ ಶುರು ಮಾಡಿದೆ. ಚೀಸು ಸುಣ್ಣದ ಗಟ್ಟಿಯ ಹಾಗೆ ಕೂತಿತ್ತು. ಅದನ್ನು ಹಚ್ಚಲು ಹೋದರೆ ಹ್ಯಾಮೇ ಹರಿಯಿತು. ಮೆತ್ತಗಾಗಲಿ ಅಂತ ಅರ್ಧ ಗಂಟೆ ಕಾದೆ. ಹೇಗೋ ಹಚ್ಚಿ, ಕಾಯಿ ಇಟ್ಟು ಸುತ್ತಿದೆ. ಚಾಕು ತಾಗಿಸಿದ್ದೇ ತಡ, ಒದ್ದೆ ಕೈಯಿಂದ ಜಾರಿದ ಸೋಪಿನ ಹಾಗೆ ಕಾಯಿ ಆ ಕಡೆಯಿಂದ ಹಾರಿ ಸಿಂಕಿನ ಕೆಳಗೆ ಹೋಯಿತು. ಹ್ಯಾಮ್ ಮಾತ್ರ ಬಿಚ್ಚಿಟ್ಟ ಕಾಲುಚೀಲದ ಹಾಗೆ ನನ್ನ ಕೈಯಲ್ಲಿ. ಕಾಯನ್ನು ಮೊದಲು ಒಣಗಿಸಬೇಕು ಅನ್ನುವುದು ಐದು ನಿಮಿಷದ ಲೆಕ್ಕದಲ್ಲಿ ಬಂದಿರಲಿಲ್ಲ. ಸರಿ, ಟಿಶ್ಯೂ ಹಾಸಿ ಒಂದೊಂದನ್ನೇ ಎಳೆ ಕೂಸಿಗೆ ಸ್ನಾನ ಮಾಡಿಸಿದ ಮೇಲೆ ಒರೆಸುವ ಹಾಗೆ ಒರೆಸಿದೆ. ಲೆಕ್ಕ ಹಾಕಿದೆ: ಐವತ್ತಾರು ಕೂಸುಗಳು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಅದನ್ನ ನನ್ನ ಫ್ರಿಜ್ಜಿನಲ್ಲಿ ಇಡಬೇಡಿ" ಅಂತಷ್ಟೇ ಹೇಳಿ ಮಲಗಲು ಹೋದಳು.

ಹನ್ನೊಂದು ಗಂಟೆಗೆ, ಖಾಲಿ ಬಾಟಲಿಯ ಮೇಲೆ ಸಿಟ್ಟು ತೀರಿಸಿಕೊಳ್ಳೋಣ ಅಂತ ಅದನ್ನು ಕೈಗೆತ್ತಿಕೊಂಡೆ. ಹಿಂದಿನ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಪ್ರಾಡಕ್ಟ್ ಆಫ್ ಇಂಡಿಯಾ.

ಆಗ ಹೊಳೆಯಿತು. ಅಯ್ಯೋ, ಇದು ಮಿಡಿಸೌತೆ! ನಮ್ಮ ಚಿಕ್ಕಪ್ಪನ ಮಿಡಿಸೌತೆ!

ಇಲ್ಲಿ ಸ್ವಲ್ಪ ಊರಿಗೆ ಹೋಗಿ ಬರಬೇಕು. ಕುಣಿಗಲ್ ಕಡೆ ನಮ್ಮೂರು. 2004ರ ಸುಮಾರಿಗೆ ಚಿಕ್ಕಪ್ಪ ರಾಗಿ ಬಿಟ್ಟು ಅರ್ಧ ಎಕರೆಗೆ ಮಿಡಿಸೌತೆ ಹಾಕಿದರು. ಒಂದು ಕಂಪನಿಯವರು ಬೀಜ, ಗೊಬ್ಬರ, ಔಷಧಿ ಎಲ್ಲಾ ತಾವೇ ಕೊಟ್ಟು, ಕಾಯಿ ತಗೊಳ್ಳುವಾಗ ಅದರ ದುಡ್ಡು ಮುರಿದುಕೊಳ್ಳುತ್ತಿದ್ದರು. ಬೈಕಿನಲ್ಲಿ ಒಬ್ಬ ಫೀಲ್ಡ್‌ಮ್ಯಾನ್ ಬರುತ್ತಿದ್ದ. ಅವನು ಬಂದರೆ ಮನೆಯಲ್ಲಿ ಕಾಫಿಗೆ ಹಾಲು ಜಾಸ್ತಿ. ಗೂಟ ನೆಟ್ಟು, ದಾರ ಕಟ್ಟಿ, ಬಳ್ಳಿ ಹಬ್ಬಿಸಿ, ತಿಂಗಳು ಕಳೆಯುವಷ್ಟರಲ್ಲಿ ಕಾಯಿ ಶುರು. ಮೂರು ತಿಂಗಳಲ್ಲಿ ಬೆಳೆಯೇ ಮುಗಿಯುತ್ತದೆ.

ಈ ಬೆಳೆಯ ನ್ಯಾಯ ಬೇರೆ. ಬೇರೆ ಬೆಳೆ ದಪ್ಪಗಾದರೆ ರೈತ ಮೀಸೆ ತಿರುವುತ್ತಾನೆ. ಇಲ್ಲಿ ಕಾಯಿ ಸಣ್ಣದಿದ್ದಷ್ಟೂ ರೇಟು ಜಾಸ್ತಿ. ಕಿರುಬೆರಳಿನಷ್ಟಿದ್ದರೆ ಒಂದು ಬೆಲೆ, ಹೆಬ್ಬೆರಳಾದರೆ ಅದಕ್ಕಿಂತ ಕಮ್ಮಿ, ಅದನ್ನೂ ಮೀರಿದರೆ ಕೇಳುವವರೇ ಇಲ್ಲ. ಹಾಗಾಗಿ ದಿನಾ ಕೊಯ್ಯಬೇಕು. ಬೆಳಕು ಹರಿಯುವ ಮೊದಲೇ ಚಿಕ್ಕಮ್ಮ, ಇಬ್ಬರು ಆಳು, ರಜೆಗೆ ಹೋದ ನಾನು, ಎಲ್ಲರೂ ಬಗ್ಗಿ ಎಲೆ ಸರಿಸಿ ಕಾಯಿ ಹುಡುಕುತ್ತಿದ್ದೆವು. ಎಲೆಯ ಮೇಲಿನ ಸಣ್ಣ ಮುಳ್ಳು ತಾಗಿ ಮೊಣಕೈವರೆಗೂ ತುರಿಕೆ. ಇವತ್ತು ಕಣ್ಣಿಗೆ ಬೀಳದ ಕಾಯಿ ನಾಳೆ ಬೆಳಿಗ್ಗೆಗೆ ಡೊಳ್ಳು ಹೊಟ್ಟೆ ಬಿಟ್ಟುಕೊಂಡು ನಗುತ್ತಿತ್ತು.

ಹೀಗಿರುವಾಗ ಚಿಕ್ಕಮ್ಮನ ತಮ್ಮನ ಮದುವೆ ಬಂತು. ಯಡಿಯೂರಿನಲ್ಲಿ. ಮನೆಯವರೆಲ್ಲಾ ಹೋದರು. ಆಳುಗಳೂ ನೆಂಟರೇ, ಅವರೂ ಹೋದರು. ವಾಪಸ್ ಬಂದು ನೋಡಿದರೆ ಬಳ್ಳಿ ತುಂಬಾ ಮೊಣಕೈ ಗಾತ್ರದ ಕಾಯಿಗಳು. ಚಿಕ್ಕಪ್ಪ ಧೈರ್ಯ ಮಾಡಿ ಎಲ್ಲಾ ಕಿತ್ತು ಚೀಲಕ್ಕೆ ತುಂಬಿ ಕಲೆಕ್ಷನ್ ಜಾಗಕ್ಕೆ ಒಯ್ದರು. ಫೀಲ್ಡ್‌ಮ್ಯಾನ್ ಒಂದು ಕಾಯಿ ಎತ್ತಿ ನೋಡಿ, "ಗೌಡ್ರೇ, ಇದು ಮಿಡಿ ಅಲ್ಲ, ಮಿಡಿಯ ತಾತ" ಅಂದ.

"ನಿಮ್ಮ ಬೀಜಾನೇ ಅಲ್ವೇನಪ್ಪಾ?" ಅಂದರು ಚಿಕ್ಕಪ್ಪ.

"ಬೀಜ ನಮ್ದು. ಮದುವೆ ನಿಮ್ದು."

ಹದಿನಾಲ್ಕು ಚೀಲ ವಾಪಸ್ ಬಂತು. ಈ ಕಾಯನ್ನು ಊರ ಸಂತೆಯಲ್ಲೂ ಕೊಳ್ಳುವವರಿಲ್ಲ. ಆಗ ಶುರುವಾಯಿತು ನೋಡಿ. ಬೆಳಿಗ್ಗೆ ಸೌತೆಕಾಯಿ ಹಾಕಿದ ಅಕ್ಕಿ ರೊಟ್ಟಿ, ಮಧ್ಯಾಹ್ನ ಸೌತೆಕಾಯಿ ಹುಳಿ, ಜೊತೆಗೆ ಪಲ್ಯ, ರಾತ್ರಿ ಮೊಸರು ಬಜ್ಜಿ. ಮನೆಗೆ ಬಂದವರು ಯಾರೂ ಬರಿಗೈಯಲ್ಲಿ ಹೋಗುವ ಹಾಗಿರಲಿಲ್ಲ. ಪೋಸ್ಟ್‌ಮ್ಯಾನ್‌ಗೆ ಒಂದು ಚೀಲ, ಬಸ್ಸಿನ ಕಂಡಕ್ಟರಿಗೆ ಒಂದು ಚೀಲ. ನಾಲ್ಕನೇ ದಿನ ಬಸ್ಸು ನಮ್ಮ ಸ್ಟಾಪಿನಲ್ಲಿ ನಿಲ್ಲಿಸದೆ ಹೋಯಿತು. ಹಸುಗಳು ಎರಡು ದಿನ ಖುಷಿಯಿಂದ ತಿಂದವು, ಮೂರನೇ ದಿನ ಮುಖ ತಿರುಗಿಸಿದವು. ಹಸುಗಳಿಗಿದ್ದ ಸ್ವಾತಂತ್ರ್ಯ ನಮಗಿರಲಿಲ್ಲ. ಅಜ್ಜಿ ಸುಮ್ಮನಿರದೆ ಒಂದು ಭರಣಿ ಉಪ್ಪಿನಕಾಯಿ ಹಾಕಿದರು. ಉಪ್ಪು, ಖಾರ, ಸಾಸಿವೆ ಎಲ್ಲಾ ಸರಿಯಾಗಿಯೇ ಇತ್ತು. ಹತ್ತು ದಿನಕ್ಕೆ ತೆಗೆದು ನೋಡಿದರೆ ಕಾಯಿ ಕರಗಿ ಗೊಜ್ಜಾಗಿತ್ತು. "ಇದಕ್ಕೆ ಉಪ್ಪಿನಕಾಯಿ ಆಗೋ ಯೋಗ್ಯತೆ ಇಲ್ಲ" ಅಂದರು ಅಜ್ಜಿ. ಅಮೆರಿಕದವರು ಇದನ್ನೇ ಪಿಕಲ್ ಅಂತ ಕರೆಯುವುದು ಪಾಪ ಅಜ್ಜಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಚಿಕ್ಕಪ್ಪ ಆಮೇಲೆ ಸೌತೆಕಾಯಿ ಮುಟ್ಟಲಿಲ್ಲ. ಈಗಲೂ ರಾಮನವಮಿಯ ಕೋಸಂಬರಿಯಲ್ಲಿ ಸೌತೆಕಾಯಿ ಚೂರುಗಳನ್ನು ಒಂದೊಂದಾಗಿ ಎಲೆಯ ಅಂಚಿಗೆ ತಳ್ಳಿ, ಹೆಸರುಬೇಳೆ ಮಾತ್ರ ತಿನ್ನುತ್ತಾರೆ. ಕೇಳಿದರೆ, "ಆ ಮದುವೆ ಒಂದು ಬರದೇ ಇದ್ದಿದ್ರೆ" ಅಂತ ಶುರು ಮಾಡುತ್ತಾರೆ.

ಎಲ್ಲಿದ್ದೆ? ಹ್ಞಾಂ, ರಾತ್ರಿ ಹನ್ನೊಂದು, ಐವತ್ತಾರು ರೋಲು. ಆ ಹೊತ್ತಿನಲ್ಲಿ ನಾನು ಕೆಲಸ ಬಿಟ್ಟು ಫೋನು ಹಿಡಿದು ಕೂತೆ. ಮಿಡಿಸೌತೆ ನಮ್ಮ ದೇಶಕ್ಕೆ ಬಂದದ್ದು 1990ರ ದಶಕದ ಶುರುವಿನಲ್ಲಂತೆ, ಮೊದಲು ಬೆಳೆದದ್ದು ಕರ್ನಾಟಕದಲ್ಲೇ. 2020-21ರ ಒಂದೇ ವರ್ಷದಲ್ಲಿ ಸೌತೆ, ಮಿಡಿಸೌತೆ ಸೇರಿ 2 ಲಕ್ಷ 23 ಸಾವಿರ ಟನ್‌ಗೂ ಜಾಸ್ತಿ ಹೊರದೇಶಕ್ಕೆ ಹೋಗಿದೆ. ಅಷ್ಟರಲ್ಲಿ ಎರಡು ಬಾಟಲಿ ಮಿನ್ನೆಸೋಟಾ ಸುಶಿಯಾಗಲು ನನ್ನ ಅಡುಗೆಮನೆಗೆ ಬಂದಿವೆ. ಸುತ್ತುತ್ತಿರುವವನು ಕುಣಿಗಲ್ ಕಡೆಯವನು. ಇದರಲ್ಲಿ ಮಿನ್ನೆಸೋಟಾದ್ದು ಏನಿದೆ ಅಂತ ಆಮೇಲೆ ಗೊತ್ತಾಯಿತು: ಚಳಿ.

ಹೆಂಡತಿಯ ಮಾತಿನಂತೆ ತಟ್ಟೆಯನ್ನು ಗರಾಜಿನಲ್ಲಿಟ್ಟಿದ್ದೆ. ಇಲ್ಲಿ ಡಿಸೆಂಬರಿನಲ್ಲಿ ಗರಾಜೇ ಎರಡನೇ ಫ್ರಿಜ್ಜು, ಎಲ್ಲರೂ ಹಾಗೇ ಮಾಡುತ್ತಾರೆ. ಆ ರಾತ್ರಿ ಹೊರಗೆ ಮೈನಸ್ 22. ಬೆಳಿಗ್ಗೆ ನೋಡಿದರೆ ಒಂದೊಂದು ರೋಲೂ ಗೋಲಿಯಷ್ಟು ಗಟ್ಟಿ. ಕಾರಿನ ಹೀಟರಿನ ಮುಂದೆ ಇಟ್ಟುಕೊಂಡು ಆಫೀಸಿಗೆ ಹೋದೆ. ಕರಗಿದವು. ನಾನು ಒಂದೊಂದಾಗಿ ಒರೆಸಿ ಒರೆಸಿ ತೆಗೆದಿದ್ದ ನೀರೆಲ್ಲಾ ಒಳಗಿನಿಂದ ಮತ್ತೆ ಹೊರಗೆ ಬಂದು ತಟ್ಟೆಯಲ್ಲಿ ಕೆರೆಯಾಯಿತು.

ಆದರೂ ಜನ ತಿಂದರು ನೋಡಿ. ಇಲ್ಲಿನವರು ಒಳ್ಳೆಯವರು, ಎದುರಿಗೆ ಯಾವುದನ್ನೂ ಚೆನ್ನಾಗಿಲ್ಲ ಅನ್ನುವುದಿಲ್ಲ. "ಇಂಟರೆಸ್ಟಿಂಗ್" ಅಂದರು ಇಬ್ಬರು. ಹತ್ತು ನಿಮಿಷದಲ್ಲಿ ತಟ್ಟೆ ಖಾಲಿ, ಒಂದು ರೋಲ್ ಬಿಟ್ಟು. ಆ ಕೊನೆಯ ಒಂದನ್ನು ಮಿನ್ನೆಸೋಟಾದಲ್ಲಿ ಯಾರೂ ತಗೊಳ್ಳುವುದಿಲ್ಲ. ಒಬ್ಬರು ಬಂದು ಅರ್ಧ ಕತ್ತರಿಸಿ ಅರ್ಧ ಬಿಟ್ಟರು. ಇನ್ನೊಬ್ಬರು ಬಂದು ಆ ಅರ್ಧದಲ್ಲಿ ಅರ್ಧ. ಆಮೇಲೆ ಅದರಲ್ಲೂ ಅರ್ಧ. ಕೊನೆಗೆ ಹಳೇ ಐದು ಪೈಸೆಯಷ್ಟು ತೆಳ್ಳನೆಯ ಬಿಲ್ಲೆ ತಟ್ಟೆಯ ನಡುವೆ ಒಂಟಿಯಾಗಿ ಸಂಜೆವರೆಗೂ ಕೂತಿತ್ತು. ನಮ್ಮ ಕಡೆಯಾದರೆ ಬಡಿಸುವವರೇ "ಉಳಿಸಬೇಡಿ, ಹಾಕ್ಕೊಳಿ" ಅಂತ ಎಲೆಗೆ ಎತ್ತಿ ಹಾಕಿರುತ್ತಿದ್ದರು. ಕೊನೆಯ ತುಂಡಿಗೆ ಮನುಷ್ಯ ಯಾಕೆ ಇಷ್ಟು ನಾಚುತ್ತಾನೆ ಅನ್ನುವುದರ ಬಗ್ಗೆ ನನ್ನದೊಂದು ದೊಡ್ಡ ವಿಚಾರ ಇದೆ. ಅದನ್ನು ಹೇಳಲೆಂದೇ ಈ ಬರಹ ಶುರು ಮಾಡಿದ್ದು. ಆದರೆ ಅಷ್ಟರಲ್ಲಿ ಪೇಪರ್ ಪ್ಲೇಟಿನ ಮಹಾನುಭಾವರು ಡಬ್ಬಿ ಹಿಡಿದು ಕೇಕಿನ ಕಡೆ ನಡೆಯುವುದು ಕಂಡಿತು. ನನ್ನ ತಲೆಯಿಂದ ಬೇರೆಲ್ಲಾ ಹೊರಟುಹೋಯಿತು.

ಮನೆಗೆ ಬಂದು ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ, ಹಾಲು ಕರೆದು ಕೂತಿದ್ದರು.

"ಚಿಕ್ಕಪ್ಪ, ಮಿಡಿಸೌತೆ ಸಿಕ್ತು. ಇಲ್ಲಿ, ಅಮೆರಿಕದಲ್ಲಿ. ಬಾಟಲಿಯಲ್ಲಿ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಯಾವ ಸೈಜು?"

"ಕಿರುಬೆರಳಷ್ಟು."

"ಹಂಗಾದ್ರೆ ನಂದಲ್ಲ ಬಿಡು ಮಗಾ" ಅಂದರು. "ನಂದು ಆಗಬಹುದಿತ್ತು. ಆ ಮದುವೆ ಒಂದು ಬರದೇ ಇದ್ದಿದ್ರೆ..."

ಹಿಂದಿನಿಂದ ಚಿಕ್ಕಮ್ಮನ ದನಿ ಬಂತು. "ಮದುವೆ ಒಂದೇ ದಿನಕ್ಕೆ ಮುಗಿದಿತ್ತು ಕಣೋ. ಆಮೇಲೆ ಎರಡು ದಿನ ಛತ್ರದಲ್ಲಿ ಇಸ್ಪೀಟು ಆಡ್ತಾ ಕೂತಿದ್ದು ಯಾರು ಅಂತ ಕೇಳು!"

ಕೇಳೋಣ ಅಂದುಕೊಂಡೆ. ಲೈನ್ ಕಟ್ಟಾಗಿತ್ತು.