ಕಪ್ಪೆ ಮೇಲಿನ ಅಣಬೆ: ಫೋಟೊ ನಿಜ, ‘ಹೊಸ ಪ್ರಭೇದ’ ಸುಳ್ಳು

‘ಪಶ್ಚಿಮ ಘಟ್ಟದಲ್ಲಿ ಕಪ್ಪೆ ಮೈಮೇಲೆ ಬೆಳೆಯುವ ಹೊಸ ಅಣಬೆ ಪ್ರಭೇದ ಪತ್ತೆ’ ಅನ್ನುವ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು.

ನಡೆದದ್ದು ಇಷ್ಟು. 2023ರ ಜೂನ್‌ನಲ್ಲಿ ಕಾರ್ಕಳದ ಹತ್ತಿರದ ಮಾಳದಲ್ಲಿ, ರಸ್ತೆ ಬದಿಯ ಮಳೆನೀರಿನ ಹೊಂಡದಲ್ಲಿ ಒಂದು ಕಪ್ಪೆ ಕಂಡಿತು. ಅದರ ಪಕ್ಕೆಯಲ್ಲಿ ಪುಟ್ಟ ಅಣಬೆ ಎದ್ದಿತ್ತು. ಫೋಟೊ ನೋಡಿದ ತಜ್ಞರು ಅದನ್ನು ಮೈಸಿನಾ ಕುಲದ್ದು ಎಂದರು. ಸಾಮಾನ್ಯವಾಗಿ ಕೊಳೆತ ಮರದ ಮೇಲೆ ಏಳುವ ಅಣಬೆ ಅದು. ಬದುಕಿರುವ ಕಪ್ಪೆ ಮೇಲೆ ಕಂಡದ್ದೇ ದೊಡ್ಡ ಸುದ್ದಿ, ಅಲ್ವಾ?

ಆದರೆ ಯಾರೂ ಕಪ್ಪೆಯನ್ನು ಹಿಡಿಯಲಿಲ್ಲ, ಅಣಬೆಯನ್ನೂ ಕೀಳಲಿಲ್ಲ. ಬರೀ ಫೋಟೊದಿಂದ ಅಣಬೆಗೆ ಹೊಸ ಹೆಸರು ಇಡೋಕಾಗಲ್ಲ. ಒಣಗಿಸಿದ ಮಾದರಿ ಹರ್ಬೇರಿಯಂನಲ್ಲಿ (ಒಣ ಸಸ್ಯ, ಅಣಬೆ ಮಾದರಿಗಳನ್ನು ಕಾಪಿಡುವ ಸಂಗ್ರಹಾಲಯ) ಇರಬೇಕು. ಬೀಜಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆಯಬೇಕು. ಈಗ ಡಿಎನ್‌ಎ ಹೋಲಿಕೆಯನ್ನೂ ಮಾಡುತ್ತಾರೆ. 2013ರಿಂದ ಹೊಸ ಹೆಸರಿಗೆ ನೋಂದಣಿ ಸಂಖ್ಯೆ ಕಡ್ಡಾಯ.

ಬೋರ್ನಿಯೊದ ಸರವಾಕ್ ಮಳೆಕಾಡಿನ ಕಿತ್ತಳೆ ಬಣ್ಣದ ‘ಸ್ಪಾಂಜಿಫಾರ್ಮ ಸ್ಕ್ವೇರ್‌ಪ್ಯಾಂಟ್ಸಿಐ’ ಹೀಗೇ ಹೆಸರು ಪಡೆಯಿತು. ಹಿಂಡಿ ಬಿಟ್ಟರೆ ಸ್ಪಾಂಜಿನಂತೆ ಮತ್ತೆ ಉಬ್ಬುವ ಅಣಬೆ ಅದು. 2010ರಲ್ಲಿ ಕಿತ್ತು ತಂದರು. ರಚನೆ, ಡಿಎನ್‌ಎ ಎರಡನ್ನೂ ನೋಡಿ 2011ರಲ್ಲಿ ವಿವರ ಪ್ರಕಟಿಸಿದರು.

ಮಾಳದ ಅಣಬೆ ಯಾವ ಪ್ರಭೇದ ಎಂದು ಇನ್ನೂ ಗೊತ್ತಾಗಿಲ್ಲ. ಆ ಮೆಸೇಜ್ ಬಂದರೆ ದಯವಿಟ್ಟು ಇದನ್ನೂ ಕಳಿಸಿ.