ಶೇ. 15ರಷ್ಟು ಬಿದ್ದ ಮನೆ

ಕೆಆರ್‌ಎಸ್ ತುಂಬುತ್ತಿದ್ದಂತೆ ಎರಡು ಕಾಗದ ಹೊರಡುತ್ತವೆ. ಒಂದು ಬಾಗಿನದ ಆಹ್ವಾನ ಪತ್ರಿಕೆ, ಇನ್ನೊಂದು ಪ್ರವಾಹದ ಎಚ್ಚರಿಕೆ. ಎರಡನೆಯದರಲ್ಲಿ ಪ್ರತಿವರ್ಷವೂ ಅದೇ ಸಾಲು: ನದಿ ಪಾತ್ರದ ಜನರು ಜಾನುವಾರು, ಆಸ್ತಿಪಾಸ್ತಿಯೊಂದಿಗೆ ಸುರಕ್ಷಿತ ಸ್ಥಳಕ್ಕೆ ತೆರಳಬೇಕು. ಜಾನುವಾರು ಸರಿ, ಹಗ್ಗ ಹಿಡಿದರೆ ಬರುತ್ತವೆ. ಮನೆಯನ್ನು ಯಾವ ಹಗ್ಗ ಕಟ್ಟಿ ಎಳೆದುಕೊಂಡು ಹೋಗುವುದು ಎಂದು ಶ್ರೀರಂಗಪಟ್ಟಣದ ಹೊಳೆದಂಡೆಯವರು ಕೇಳುವಷ್ಟರಲ್ಲಿ ಮೈಕಿನ ಆಟೋ ಮುಂದಿನ ಬೀದಿಗೆ ಹೋಗಿರುತ್ತದೆ.

ಬಾಗಿನದ ಸಿದ್ಧತೆಗೆ ಮಾತ್ರ ಸಾಟಿಯಿಲ್ಲ. ನೀರು 124.80 ಅಡಿ ಮುಟ್ಟುವ ಮೊದಲೇ ಶಾಮಿಯಾನ, ಮೊರ, ಅರಿಶಿನ ಕುಂಕುಮ, ಯಾರ ಪಕ್ಕ ಯಾರು ನಿಲ್ಲಬೇಕೆಂಬ ಪಟ್ಟಿ ಎಲ್ಲವೂ ತಯಾರು. ಕೊಡಗಿನಲ್ಲಿ ಮಳೆ ಸುರಿಸಿದ್ದು ಯಾವ ಪಕ್ಷ ಎಂಬ ಜಗಳವೂ ಮುಗಿದಿರುತ್ತದೆ. ತುಂಬಿದರೆ ಸರ್ಕಾರದ ಕಾಲ್ಗುಣ, ಗೇಟು ತೆರೆದು ಮನೆಗೆ ನುಗ್ಗಿದರೆ ಪ್ರಕೃತಿ ವಿಕೋಪ.

ಇನ್ನು ಪರಿಹಾರ. ಕೇಂದ್ರದ 2022-26ರ ಮಾನದಂಡದಲ್ಲಿ ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000. ಅದೂ ಕನಿಷ್ಠ ಶೇ. 15ರಷ್ಟು ಹಾಳಾಗಿದ್ದರೆ. ರಾಜ್ಯ ತನ್ನ ಪಾಲಿನದನ್ನು ಸೇರಿಸುವುದುಂಟು, ಇರಲಿ. ಆದರೆ ಈ ಹದಿನೈದನ್ನು ಕಂಡುಹಿಡಿದವರಿಗೆ ಜಂಬೂಸವಾರಿಯಲ್ಲಿ ಒಂದು ಸ್ತಬ್ಧಚಿತ್ರವಾದರೂ ಬೇಡವೇ? ಅಡುಗೆಮನೆ ಗೋಡೆ ಬಿದ್ದರೆ ಎಷ್ಟು, ಒಲೆ ಸೇರಿಸಿದರೆ ಎಷ್ಟು? ಮಳೆಗಾಲಕ್ಕೆ ಮುಂಚೆಯೇ ಗೋಡೆಗೆ ಕಿವಿಮಾತು ಹೇಳಿಡುವುದು ಒಳ್ಳೆಯದು: ಬೀಳುವುದಾದರೆ ಲೆಕ್ಕ ಹಾಕಿ ಬೀಳು, ಹದಿನಾಲ್ಕಕ್ಕೆ ನಿಂತು ನಮ್ಮ ಹೊಟ್ಟೆಯ ಮೇಲೆ ಹೊಡೆಯಬೇಡ.

ಮಣ್ಣಿನ ಗೋಡೆಗೆ ಶಿಸ್ತೆಂಬುದೇ ಇಲ್ಲ. ಎಷ್ಟೋ ಸಲ ನೀರು ನಿಂತಿರುವಾಗ ಬೀಳುವುದಿಲ್ಲ. ನೀರಿಳಿದು, ಬಿಸಿಲು ಬಂದು, ನೆನೆದ ಬುಡ ಒಣಗುತ್ತಾ ಬಿರುಕು ಬಿಟ್ಟು, ಹೆಂಚಿನ ಭಾರ ತಾಳಲಾರದೆ ಯಾವುದೋ ರಾತ್ರಿ ಕುಸಿಯುತ್ತದೆ. ಅಷ್ಟರಲ್ಲಿ ಮಹಜರು ಮುಗಿದು ಮೊಬೈಲಿನ ಫೋಟೊ ಕಚೇರಿ ತಲುಪಿರುತ್ತದೆ. ಫೋಟೊದಲ್ಲಿ ಗೋಡೆ ನೆಟ್ಟಗೆ ನಿಂತಿದೆ, ಅದರ ಮುಂದೆ ಮನೆಯಾಕೆ ನಿಂತಿದ್ದಾಳೆ, ಅವಳ ಕಾಲ ಬಳಿ ಮೊಳಕೆಯೊಡೆದ ರಾಗಿಯ ಮೂಟೆ. ಮೊಳಕೆಗೆ ಶೇಕಡಾವಾರು ಇಲ್ಲ.

ಬಡವರ ಗೋಡೆ ಮಾತ್ರ ಬೀಳುತ್ತದೆಂದು ತಿಳಿಯಬೇಡಿ, ಮೈಸೂರು ಈ ವಿಷಯದಲ್ಲಿ ಸಮಾನತೆಯ ಊರು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಜನರ ಮೇಲೆಯೇ ಬಿತ್ತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಸರದಿ. 2022ರ ಅಕ್ಟೋಬರ್ ಮಳೆಗೆ ಅರಮನೆಯ ಕೋಟೆ ಗೋಡೆಯೇ ಕುಸಿಯಿತು. ಮಾರುಕಟ್ಟೆಯನ್ನು ಕೆಡವುವುದೋ ದುರಸ್ತಿ ಮಾಡುವುದೋ ಎಂದು ಸಮಿತಿ, ವರದಿ, ನ್ಯಾಯಾಲಯ ಎಲ್ಲವೂ ಆದವು. ಅಭಿಪ್ರಾಯಗಳನ್ನೇ ಇಟ್ಟಿಗೆಯಾಗಿ ಜೋಡಿಸಿದ್ದರೆ ಇನ್ನೊಂದು ಮಾರುಕಟ್ಟೆ ಎದ್ದಿರುತ್ತಿತ್ತು.

ಮನೆಗೆ ವಿಮೆ ಮಾಡಿಸಿ ಎನ್ನುವವರೂ ಇದ್ದಾರೆ. 2021ರಿಂದ ‘ಭಾರತ ಗೃಹ ರಕ್ಷಾ’ ಇದೆ, ಪ್ರವಾಹವೂ ಅದರಲ್ಲಿ ಸೇರಿದೆ. ಒಳ್ಳೆಯದೇ. ಹಕ್ಕುಪತ್ರಕ್ಕೇ ವರ್ಷಗಟ್ಟಲೆ ಅಲೆಯುತ್ತಿರುವವನು ಯಾವ ಕಾಗದ ಹಿಡಿದುಕೊಂಡು ಹೋಗಬೇಕು, ಅದನ್ನೂ ಹೇಳಿಬಿಡಿ.

ಸಾಕಾಗಿದೆ. ರಾಜಕಾಲುವೆ ಮುಚ್ಚಿದ ಬಡಾವಣೆಗೆ ನಕ್ಷೆ ಮಂಜೂರು ಮಾಡಿದವರು ನೀವೇ, ನಿವೇಶನ ನೋಂದಣಿ ಮಾಡಿ ಶುಲ್ಕ ಪಡೆದವರು ನೀವೇ, ಕಂದಾಯ ವಸೂಲು ಮಾಡಿದವರೂ ನೀವೇ. ನೀರು ಬಂದ ದಿನ ಮೊಣಕಾಲುದ್ದ ಕೆಸರಿನಲ್ಲಿ ನಿಂತವನನ್ನು ‘ಕಾಲುವೆ ಮೇಲೆ ಯಾಕೆ ಕಟ್ಟಿದೆ?’ ಎಂದು ಗದರಿಸಲು ನಾಚಿಕೆಯಾಗುವುದಿಲ್ಲವೇ? ಆ 6,500 ರೂಪಾಯಿಗೆ ಎಷ್ಟು ಉದ್ದದ ಗೋಡೆ ಏಳುತ್ತದೆಂದು ಒಬ್ಬ ಗಾರೆ ಕೆಲಸದವನನ್ನು ಕೇಳಿ ನೋಡಿ. ಅವನು ನಕ್ಕರೆ ಅದನ್ನೂ ಮಹಜರಿನಲ್ಲಿ ಬರೆದುಕೊಳ್ಳಿ.